ಪಿಡಿಎಫ್ ಯಾವಾಗ್ಲೂ ಬ್ರೌಸರ್‌ನಲ್ಲೇ ಓಪನ್ ಆಗ್ತಿದೆ, ರೀಡರ್ ಎರಡು ಸಲ ಇನ್‌ಸ್ಟಾಲ್ ಮಾಡಿದ್ರೂ ಸರಿಹೋಗಿಲ್ಲ, ಏನ್ ಮಾಡೋದು?

ಮತ್ತೆ ಇನ್‌ಸ್ಟಾಲ್ ಮಾಡ್ಬೇಡಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ವಿತ್, ಆಮೇಲೆ ಚೂಸ್ ಅನದರ್ ಆ್ಯಪ್‌ಗೆ ಹೋಗಿ ನಿಮ್ಮ ರೀಡರ್ ಆರಿಸಿ, ವಿಂಡೋಸ್ 11 ಆದ್ರೆ ಆಲ್ವೇಸ್ ಅನ್ನೋದನ್ನೇ ಒತ್ತಿ, ಜಸ್ಟ್ ಒನ್ಸ್ ಒತ್ತಿದ್ರೆ ನಾಳೆ ಮತ್ತೆ ಅದೇ ಕತೆ. ವಿಂಡೋಸ್ 10ರಲ್ಲಾದ್ರೆ ಕೆಳಗಡೆ ಆಲ್ವೇಸ್ ಯೂಸ್ ದಿಸ್ ಆ್ಯಪ್ ಅನ್ನೋದಕ್ಕೆ ಒಂದು ಟಿಕ್ ಹಾಕ್ಬೇಕು.

ಯಾಕಂದ್ರೆ ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಫೈಲ್ ಒಳಗೇನಿದೆ ಅಂತ ನೋಡಲ್ಲ, ಹೆಸರಿನ ಕೊನೇಲಿ ಚುಕ್ಕೆ ಆದ್ಮೇಲೆ ಬರೋ ಅಕ್ಷರಗಳನ್ನ ಅಂದ್ರೆ ಎಕ್ಸ್‌ಟೆನ್ಶನ್ ನೋಡಿ, ಅದಕ್ಕೆ ಯಾವ ಆ್ಯಪ್ ಅಂತ ತನ್ನ ರಿಜಿಸ್ಟ್ರಿಯಲ್ಲಿ, ಅಂದ್ರೆ ಸೆಟ್ಟಿಂಗ್‌ಗಳನ್ನ ಇಟ್ಕೊಳ್ಳೋ ಜಾಗದಲ್ಲಿ, ಬರ್ಕೊಂಡಿರೋದನ್ನ ಪಾಲಿಸುತ್ತೆ. ವಿಂಡೋಸ್ 8ರಿಂದ ಈಚೆಗೆ ಆ ಆಯ್ಕೆ ನೀವೇ ಮಾಡ್ಬೇಕು, ಸಾಫ್ಟ್‌ವೇರ್‌ಗಳು ತಾವಾಗೇ ಬದಲಾಯಿಸದ ಹಾಗೆ ಬಿಗಿ ಮಾಡಿದ್ದಾರೆ, ಅದಕ್ಕೇ ಇನ್‌ಸ್ಟಾಲ್ ಮಾಡಿದ್ರೂ ಹಳೇ ಆಯ್ಕೆನೇ ಉಳಿಯೋದು.

ಇನ್ನೊಂದು, ದಯವಿಟ್ಟು ಎಕ್ಸ್‌ಟೆನ್ಶನ್ ಮಾತ್ರ ತಿದ್ದಬೇಡಿ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಸೊಸೈಟಿ ಲೆಕ್ಕ ನೋಡೋ ಅಂಕಲ್ ಮೇಂಟೆನೆನ್ಸ್ ಬಿಲ್‌ನ ಪಿಡಿಎಫ್‌ಗೆ ವರ್ಡ್ ಫೈಲ್‌ನ ಎಕ್ಸ್‌ಟೆನ್ಶನ್ ಡಾಕ್ಸ್ (docx) ಅಂತ ರಿನೇಮ್ ಮಾಡಿ, ವರ್ಡ್‌ನಲ್ಲಿ ತೆರೆಯದೇ ಇದ್ದಾಗ ಫೈಲೇ ಹೋಯ್ತು ಅಂತ ಗಾಬರಿಯಾಗಿ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದ್ರು. ಹಳೇ ಹೆಸರು ವಾಪಸ್ ಹಾಕಿದ ಕೂಡ್ಲೇ ಬಿಲ್ ಪೂರ್ತಿ ಹಾಗೇ ಇತ್ತು, ಹೆಸರು ಬದಲಾದ್ರೆ ಒಳಗಿರೋದು ಬದಲಾಗಲ್ಲ.