ಅಲ್ಝೈಮರ್ ಇದ್ದವರು ಮೀನು, ಬೇಳೆ ಬಿಡಬೇಕಾ?

ಬಿಡಬೇಡಿ ಮಾರಾಯ್ರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಅಮ್ಮನ ಮೆದುಳಲ್ಲಿ ಪ್ರೋಟೀನ್ ಸೇರಿಕೊಂಡಿದೆ ಎಂದು ಡಾಕ್ಟರ್ ಹೇಳಿದರು, ಹಾಗಾದರೆ ಮೀನು, ಮೊಟ್ಟೆ, ಬೇಳೆ ನಿಲ್ಲಿಸಿದರೆ ಕಡಿಮೆ ಆಗುತ್ತದಾ ಅಂತ ಕೇಳಿದ್ದೀರಿ. ನಾವೂ ಅದೇ ಪೆದ್ದು ಕೆಲಸ ಮಾಡಿದವರು. ನನ್ನ ಅತ್ತೆಗೆ ಈ ಕಾಯಿಲೆ ಎಂದು ಗೊತ್ತಾದಾಗ ನೆಂಟರೊಬ್ಬರ ಮಾತು ಕೇಳಿ ಎರಡು ತಿಂಗಳು ಮೀನು ಕೊಡಲಿಲ್ಲ. ಬರೀ ಗಂಜಿ, ಉಪ್ಪಿನಕಾಯಿ. ಬೂತಾಯಿ ಇಲ್ಲದಿದ್ದರೆ ಊಟವೇ ಇಳಿಯದ ಹೆಂಗಸು, ರವಿಕೆ ಸಡಿಲವಾಗುವಷ್ಟು ಸೊರಗಿದರು. ನಾನು ಮಂಗಳೂರಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು ಬೇರೆ!

ತಿಂದ ಪ್ರೋಟೀನ್ ಹೊಟ್ಟೆ, ಕರುಳಲ್ಲೇ ಒಡೆದು ಅಮೈನೋ ಆಮ್ಲವಾಗುತ್ತದೆ. ಬಂಗುಡೆಯ ಪ್ರೋಟೀನ್ ಹಾಗೇ ತಲೆಗೆ ಏರುವುದಿಲ್ಲ. ಅಲ್ಲಿ ಸೇರಿಕೊಳ್ಳುವುದು ಮೆದುಳೇ ತಯಾರಿಸಿದ ಪ್ರೋಟೀನಿನ ಚೂರು. ಎಡವಟ್ಟು ಆಗುವುದು ಅದನ್ನು ಕತ್ತರಿಸುವಾಗ, ಆಮೇಲೆ ಗುಡಿಸಿ ಹಾಕುವಾಗ.

ಅತ್ತೆಗೆ ನನ್ನ ಹೆಸರು ಮರೆತುಹೋಗಿದೆ. ಆದರೂ ಹೋದ ವರ್ಷದವರೆಗೆ ಮೆಟ್ಟುಕತ್ತಿ ಮುಂದೆ ಕೂತರೆ ಬಂಗುಡೆ ಕೊಯ್ಯುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ ಅನ್ನಿ. ಕಿವಿರು ಎಳೆದು, ಹೊಟ್ಟೆ ಸೀಳಿ, ಪಿತ್ತ ಒಡೆಯದ ಹಾಗೆ ಕರುಳು ತೆಗೆಯುವುದು. ಕೈಗೆ ಬಂದ ಕೆಲಸ ಹೆಸರುಗಳಿಗಿಂತ ನಿಧಾನವಾಗಿ ಮರೆತುಹೋಗುತ್ತದೆ. ನಾನು ಕೊಯ್ದರೆ ಪಿತ್ತ ಒಡೆದೇ ಒಡೆಯುತ್ತದೆ, ಸಾರೆಲ್ಲ ಕಹಿ. ಮೀನೂ ಅದೇ, ಕತ್ತಿಯೂ ಅದೇ. ಕತ್ತಿ ಬಿದ್ದ ಜಾಗ ಬೇರೆ.

ಮೆದುಳಲ್ಲೂ ಹೆಚ್ಚುಕಡಿಮೆ ಹೀಗೇ. ನರಕೋಶದ ಹೊರಪೊರೆಯಲ್ಲಿ ಎಪಿಪಿ ಎಂಬ ಉದ್ದದ ಪ್ರೋಟೀನ್ ಇರುತ್ತದೆ. ಬಟ್ಟೆಗೆ ಚುಚ್ಚಿಟ್ಟ ಸೂಜಿಯ ಹಾಗೆ, ಸ್ವಲ್ಪ ಒಳಗೆ, ಜಾಸ್ತಿ ಹೊರಗೆ. ಅದನ್ನು ಮೊದಲು ಆಲ್ಫಾ ಸೆಕ್ರೆಟೇಸ್ ಎಂಬ ಕಿಣ್ವ ಕತ್ತರಿಸಿದರೆ ಏನೂ ತೊಂದರೆ ಇಲ್ಲ. ಅಪಾಯದ ಭಾಗದ ಮಧ್ಯದಲ್ಲೇ ಕತ್ತರಿಸುವುದರಿಂದ ಕೆಟ್ಟ ಚೂರು ಹುಟ್ಟುವುದೇ ಇಲ್ಲ. ಬೀಟಾ ಸೆಕ್ರೆಟೇಸ್ ಮೊದಲು ಬಂದು, ಆಮೇಲೆ ಗಾಮಾ ಸೆಕ್ರೆಟೇಸ್ ಇನ್ನೊಂದು ಕಡೆ ಕತ್ತರಿಸಿದರೆ ಅಮಿಲಾಯ್ಡ್ ಬೀಟಾ ಎಂಬ ಚೂರು ಬಿಡಿಯಾಗುತ್ತದೆ. ಗಾಮಾ ಕತ್ತರಿಸುವುದು ಒಂದೇ ಅಳತೆಗಲ್ಲ. ಹೆಚ್ಚಾಗಿ 40 ಅಮೈನೋ ಆಮ್ಲದ ಚೂರು, ಕೆಲವೊಮ್ಮೆ 42ರದ್ದು. ಜಾಸ್ತಿ ಇರುವುದು ಎರಡೇ ಎರಡು. ಆದರೆ ಈ 42 ಹಲಸಿನ ಮೇಣದ ಜಾತಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೊದಲು ಸಣ್ಣ ಗುಂಪು, ಆಮೇಲೆ ನರಕೋಶಗಳ ನಡುವೆ ಗಟ್ಟಿ ಗಂಟು. ಅದಕ್ಕೇ ಪ್ಲಾಕ್ ಅನ್ನುವುದು. ನೆನಪು ಕೆಡುವ 15–20 ವರ್ಷ ಮೊದಲೇ ಇದು ಶುರುವಾಗಿರುತ್ತದೆ.

ಹಾಗಂತ ಈ ಚೂರು ರೋಗಿಗಳಲ್ಲಿ ಮಾತ್ರ ಆಗುವುದಲ್ಲ. ನನ್ನ ತಲೆಯಲ್ಲೂ ನಿಮ್ಮ ತಲೆಯಲ್ಲೂ ದಿನಾ ಆಗುತ್ತದೆ, ದಿನಾ ಹೊರಗೆ ಹೋಗುತ್ತದೆ. ವಯಸ್ಸಾದವರಲ್ಲಿ ಮುಖ್ಯವಾಗಿ ಈ ಗುಡಿಸುವ ಕೆಲಸವೇ ನಿಧಾನವಾಗುತ್ತದೆ. ಎಪಿಒಇ4 ಎಂಬ ಜೀನ್ ಇದ್ದವರಲ್ಲಿ ಇನ್ನೂ ನಿಧಾನ. ಚೂರೇ ಜಾಸ್ತಿ ಆಗುವುದೂ ಉಂಟು. ಎಪಿಪಿಯ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇದ್ದವರಿಗೆ ಅದು ಮೂರು ಇರುತ್ತದಲ್ವಾ, ಹಾಗಾಗಿ 40 ದಾಟುವಾಗಲೇ ಹೆಚ್ಚಿನವರ ಮೆದುಳಲ್ಲಿ ಪ್ಲಾಕ್ ಕಾಣುತ್ತದೆ.

ಪ್ಲಾಕ್ ಒಂದೇ ಅಪರಾಧಿ ಅಂತ ನನಗೆ ಅನಿಸುವುದಿಲ್ಲ. ಪ್ಲಾಕ್ ಇದ್ದೂ ನೆನಪು ಗಟ್ಟಿ ಇರುವ ಅಜ್ಜ ಅಜ್ಜಿಯರಿದ್ದಾರೆ. ಟೌ ಎಂಬ ಇನ್ನೊಂದು ಪ್ರೋಟೀನ್ ನರಕೋಶದ ಒಳಗಿನ ಸಾಗಾಟದ ಕೊಳವೆಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಈ ಕಾಯಿಲೆಯಲ್ಲಿ ಅದಕ್ಕೆ ಫಾಸ್ಫೇಟ್ ಅತಿಯಾಗಿ ಅಂಟಿ, ಕೊಳವೆ ಬಿಟ್ಟು, ಒಳಗೇ ಬಲೆ ಸಿಕ್ಕಾದ ಹಾಗೆ ಸುತ್ತಿಕೊಳ್ಳುತ್ತದೆ. ಮರೆವು ಎಷ್ಟು ಎನ್ನುವುದು ಪ್ಲಾಕಿಗಿಂತ ಈ ಟೌ ಎಷ್ಟು ಹರಡಿದೆ ಎನ್ನುವುದಕ್ಕೆ ಹೆಚ್ಚು ತಾಳೆಯಾಗುತ್ತದೆ.

ಕತ್ತರಿಯನ್ನೇ ಹಿಡಿದು ನಿಲ್ಲಿಸಿದರೆ ಆಯ್ತಲ್ಲ ಅಂತ ನಿಮಗೂ ಅನಿಸಬಹುದು. ಗಾಮಾವನ್ನು ತಡೆಯುವ ಸೆಮಗಾಸೆಸ್ಟಾಟ್ ಎಂಬ ಔಷಧಿಯ ಪ್ರಯೋಗ 2010ರಲ್ಲಿ ನಿಂತೇಹೋಯಿತು. ತೆಗೆದುಕೊಂಡವರ ಸ್ಥಿತಿ ಇನ್ನಷ್ಟು ಕೆಟ್ಟಿತು. ಯಾಕೆಂದರೆ ಅದೇ ಕತ್ತರಿಗೆ ದೇಹದಲ್ಲಿ ಬೇರೆ ಹತ್ತಾರು ಕೆಲಸ ಇದೆ. ಈಗ ಬಂದಿರುವ ಲೆಕಾನೆಮ್ಯಾಬ್ ಕತ್ತರಿಯ ತಂಟೆಗೆ ಹೋಗದೆ ಸೇರಿಕೊಂಡದ್ದನ್ನು ತೆಗೆಯುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಗುಣವಾಗುವುದಿಲ್ಲ. 18 ತಿಂಗಳ ಪ್ರಯೋಗದಲ್ಲಿ ಕಾಯಿಲೆಯ ಓಟ ಸುಮಾರು 27 ಶೇಕಡಾ ನಿಧಾನವಾಯಿತು, ಅದೂ ಶುರುವಿನ ಹಂತದವರಿಗೆ. ಮೆದುಳು ಊದುವ, ರಕ್ತ ಜಿನುಗುವ ಅಪಾಯ ಇರುವುದರಿಂದ ಆಗಾಗ ಎಂಆರ್‌ಐ ಬೇಕು. ನಿಮ್ಮ ಅಮ್ಮನಿಗೆ ಹೊಂದುತ್ತದಾ ಅಂತ ನರರೋಗ ತಜ್ಞರನ್ನೇ ಕೇಳಿ, ನಾನು ಡಾಕ್ಟರ್ ಅಲ್ಲ.

ಮೀನು ಮಾತ್ರ ಧಾರಾಳ ಕೊಡಿ. ಕಾಯಿಲೆ ಮುಂದೆ ಹೋದ ಹಾಗೆ ನುಂಗುವುದು ಕಷ್ಟವಾಗುತ್ತದೆ. ನಾನೀಗ ಬೂತಾಯಿ ಮುಳ್ಳು ಒಂದೊಂದೇ ಬಿಡಿಸಿ ಗಂಜಿಗೆ ಕಿವುಚಿ ಕೊಡುತ್ತೇನೆ, ಅದಕ್ಕೇ ಅರ್ಧ ಗಂಟೆ ಬೇಕು. ಅಂಜಲ್ ತಂದರೆ ಆ ತಾಪತ್ರಯ ಇಲ್ಲ. ರೇಟು ಮಾತ್ರ ಕೇಳಬೇಡಿ.