ಬಾಗಿಲು ತೆರೆದೇ ಇದ್ದ ಅಂಗಡಿ

ನಾನು ಆಪ್ತಸಲಹೆಗಾರ್ತಿ. ಆನ್‌ಲೈನ್ ಕಾಲದಲ್ಲಿ ಅಂಗಡಿ ಸೊರಗುತ್ತಿರುವ ಸಂಕಟ ಹೊತ್ತು ಕೊಡಗಿನ ಹಳೆಯ ವ್ಯಾಪಾರಿ ಮನೆಗಳಿಂದ ನನ್ನ ಬಳಿ ಬರುವವರು ಹೆಚ್ಚುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದವರಲ್ಲೊಬ್ಬರಿಗೆ ಅರವತ್ತು ದಾಟಿದೆ. ತಂದೆಯ ಕಾಲದ ಬಟ್ಟೆ ಅಂಗಡಿ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಮಗನೊಂದಿಗೆ ಮಾತಿಲ್ಲ. ಮೊದಲೆರಡು ಭೇಟಿಗಳು ಆನ್‌ಲೈನ್ ರಿಯಾಯಿತಿಗಳನ್ನು ಬೈಯುವುದರಲ್ಲೇ ಮುಗಿದವು. ಮೂರನೆಯ ಸಲ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

“ಮೇಡಂ, ಮೂರು ತಲೆಮಾರು ನಮ್ಮಲ್ಲೇ ಮದುವೆ ಬಟ್ಟೆ ತೆಗೆದ ಮನೆಯವರು. ಬೆಂಗಳೂರಿನಲ್ಲಿರುವ ಆ ಮನೆಯ ಹುಡುಗಿ ಪೇಟೆಯಲ್ಲಿ ಸಿಕ್ಕಳು. ‘ಅಂಗಡಿ ಮುಚ್ಚಿಬಿಟ್ಟಿರಾ ಅಂಕಲ್? ಮೊಬೈಲಿನಲ್ಲಿ ಹಾಗೇ ತೋರಿಸಿತು. ಅಣ್ಣನ ಕುಪ್ಯ, ಚೇಲೆ (ಕೊಡವ ಗಂಡಸರ ನಿಲುವಂಗಿ, ಸೊಂಟಕ್ಕೆ ಕಟ್ಟುವ ಕೆಂಪು ಪಟ್ಟಿ) ಇನ್‌ಸ್ಟಾಗ್ರಾಂನಲ್ಲಿ ನೋಡಿ ತರಿಸಿದೆವು’ ಎಂದಳು. ಆ ದಿನವೂ ನಾನು ಎಂಟೂವರೆಗೆ ಬಾಗಿಲು ತೆಗೆದಿದ್ದೆ.”

ಅವರೆದುರೇ ನನ್ನ ಮೊಬೈಲಿನ ನಕ್ಷೆ ತೆರೆದೆ. ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದೇ ಇತ್ತು. ಅಂಥ ನಕ್ಷೆಗಳಲ್ಲಿ ದಾರಿಹೋಕರೂ ತಿದ್ದುಪಡಿ ಸೂಚಿಸಬಹುದು. ಅಂಗಡಿ ತನ್ನದೆಂದು ಮಾಲೀಕ ನೋಂದಾಯಿಸಿರದಿದ್ದರೆ ತಪ್ಪು ಅವನ ಗಮನಕ್ಕೇ ಬರುವುದಿಲ್ಲ. ಮಗ ಎರಡು ವರ್ಷದ ಹಿಂದೆಯೇ ನೋಂದಾಯಿಸೋಣ ಎಂದಿದ್ದ. “ನಮಗೆ ಬೋರ್ಡು ಸಾಕು” ಎಂದಿದ್ದರಂತೆ.

“ಆ ಹುಡುಗಿ ಮೊದಲು ಹುಡುಕಿದ್ದು ನಿಮ್ಮನ್ನೇ ಅಲ್ಲವೇ?” ಎಂದು ಕೇಳಿದೆ. ಅವರು ಅತ್ತರು.

ಮನೆಯವರು ಬಯಸಿದ್ದು ಅವರು ನಿವೃತ್ತರಾಗಲಿ, ಆನ್‌ಲೈನ್ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡೋಣ ಎಂದು. ನಾನು ಎರಡನ್ನೂ ಒಪ್ಪಲಿಲ್ಲ. ಅಮೆರಿಕದ ಪುಸ್ತಕ ಮಳಿಗೆ ಬಾರ್ಡರ್ಸ್ 2001ರಲ್ಲಿ ತನ್ನ ಆನ್‌ಲೈನ್ ಮಾರಾಟವನ್ನು ಅಮೆಜಾನ್‌ಗೆ ಒಪ್ಪಿಸಿತು. ಅದನ್ನು ಮರಳಿ ಕೈಗೆತ್ತಿಕೊಳ್ಳುವಷ್ಟರಲ್ಲಿ ತಡವಾಗಿ, 2011ರಲ್ಲಿ ದಿವಾಳಿಯೆದ್ದಿತು. ಗಿರಾಕಿಯೊಡನೆ ಮಾತನಾಡುವ ಕೆಲಸವನ್ನು ಪರರಿಗೆ ಬಿಡಬಾರದು ಎಂಬುದು ನನ್ನ ದೃಢವಾದ ನಂಬಿಕೆ. ಯಾವ ಮನೆಯವರಿಗೆ ಎಂಥ ಜರಿಯಂಚು ಇಷ್ಟ ಎಂಬುದು ಇವರ ತಲೆಯಲ್ಲಿದೆ. ಏಜೆನ್ಸಿಗೆ ಅದು ಎಲ್ಲಿಂದ ಬರಬೇಕು?

ಹೀಗೆ ಮಾಡಿ ಎಂದೆ: ನಕ್ಷೆಯ ನೋಂದಣಿ, ಫೋಟೊ ಮಗನ ಪಾಲು. ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸಿದವರಿಗೆ ಉತ್ತರ ತಂದೆಯ ಪಾಲು, ಅದೂ ಧ್ವನಿ ಸಂದೇಶದಲ್ಲಿ, ಮನೆ ಹೆಸರು ಕೇಳಿಕೊಂಡು. ರಾತ್ರಿ ಎಂಟರ ನಂತರ ಮೊಬೈಲ್ ಬೇಡ. ವ್ಯಾಪಾರದ ಸಲಹೆ ಆಪ್ತಸಲಹೆಗಾರರ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿದ್ದೆ ಕೆಟ್ಟದ್ದು ಅಂಗಡಿಯ ದುಃಖದಿಂದ. ಅದನ್ನು ಬದಿಗಿಟ್ಟು ಬರೀ ಉಸಿರಾಟದ ವ್ಯಾಯಾಮ ಹೇಳಿಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ನಿದ್ದೆ ಇನ್ನೂ ಪೂರ್ತಿ ಕೂಡಿ ಬಂದಿಲ್ಲ. ಕಳೆದ ಭೇಟಿಗೆ ಮಗನೂ ಜೊತೆಯಲ್ಲಿದ್ದ. ಚೇಲೆಯ ಕೆಂಪು ಫೋಟೊದಲ್ಲಿ ಸರಿಯಾಗಿ ಬರುತ್ತಿಲ್ಲವೆಂದು ಇಬ್ಬರೂ ನನ್ನೆದುರೇ ವಾದಿಸಿದರು.