ಹಾಕಿ ಈಸ್ಟ್ ಟೂರ್ನಮೆಂಟ್: ನಮ್ಮ ಕಾಲೇಜು ನಾಲ್ಕನೇ ಸ್ಥಾನದಲ್ಲಿದೆ, ಟಿಡಿ ಗಾರ್ಡನ್ ಟಿಕೆಟ್ ಈಗಲೇ ತೆಗೆದಿಡಲಾ?

ನೀವು ವಿರಾಜಪೇಟೆ ಕಡೆಯವರು, ಫೀಲ್ಡ್ ಹಾಕಿ ಗೊತ್ತು, ಐಸ್ ಹಾಕಿ ಹೊಸದು. ಹಾಕಿ ಈಸ್ಟ್ ಅಂದರೆ ಅಮೆರಿಕದ ಈಶಾನ್ಯ ಭಾಗದ ಕಾಲೇಜುಗಳ ಐಸ್ ಹಾಕಿ ಲೀಗ್, ಅದರ ಟೂರ್ನಮೆಂಟ್‌ನ ಸೆಮಿಫೈನಲ್, ಫೈನಲ್ ನಡೆಯುವುದು ಬಾಸ್ಟನ್‌ನ ಟಿಡಿ ಗಾರ್ಡನ್ ಕ್ರೀಡಾಂಗಣದಲ್ಲಿ. ಸೆಮಿಫೈನಲ್‌ನಲ್ಲಿ ಮೊದಲ ಸ್ಥಾನದವರೇ ಎದುರಾಳಿ ತಾನೇ, ಟಿಕೆಟ್ ಈಗಲೇ ತೆಗೆಯಲಾ, ಸೋತರೆ ಸೀಸನ್ ಮುಗಿಯಿತಾ ಅಂತ ಕೇಳಿದ್ದೀರಿ. ಬಾಸ್ಟನ್‌ಗೆ ಬಂದ ಮೊದಲ ವರ್ಷ ನಾನೂ ಇದನ್ನೇ ಸಿಕ್ಕಸಿಕ್ಕವರ ಹತ್ತಿರ ಕೇಳುತ್ತಿದ್ದೆ. ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಎಡವಟ್ಟು ಆಗುವುದು ಅಲ್ಲೇ.

ಕೊಡಗಿನ ಕೊಡವ ಹಾಕಿ ನಮ್ಮೆಯಲ್ಲಿ ಟೈಸ್, ಅಂದರೆ ಪಂದ್ಯಗಳ ಡ್ರಾ, ಹಾಕಿದ ಮೇಲೆ ಗೆದ್ದವರು ಮುಂದೆ ಯಾರನ್ನು ಎದುರಿಸಬೇಕು ಎಂಬುದು ಕಾಗದದ ಮೇಲೆ ಆಗಲೇ ಬರೆದಾಗಿರುತ್ತದೆ. ಹಾಕಿ ಈಸ್ಟ್‌ನಲ್ಲಿ ಹಾಗಿಲ್ಲ. ಪ್ರತಿ ಸುತ್ತು ಮುಗಿದ ಮೇಲೆ ಉಳಿದ ತಂಡಗಳನ್ನು ಲೀಗ್ ಶ್ರೇಯಾಂಕದ ಪ್ರಕಾರ ಮತ್ತೆ ಸಾಲಾಗಿ ನಿಲ್ಲಿಸುತ್ತಾರೆ. ಉಳಿದವರಲ್ಲಿ ಅತಿ ಮೇಲಿನವರಿಗೆ ಅತಿ ಕೆಳಗಿನವರು, ಮಧ್ಯದವರಿಗೆ ಮಧ್ಯದವರು.

ಲೀಗ್‌ನಲ್ಲಿ 11 ತಂಡಗಳಿವೆ: ಬಾಸ್ಟನ್ ಕಾಲೇಜ್, ಬಾಸ್ಟನ್ ಯೂನಿವರ್ಸಿಟಿ, ನಾರ್ತ್‌ಈಸ್ಟರ್ನ್, ಯುಮಾಸ್, ಯುಮಾಸ್ ಲೋವೆಲ್, ಮೆರಿಮ್ಯಾಕ್, ಪ್ರಾವಿಡೆನ್ಸ್, ಯುಕಾನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್. ಹನ್ನೊಂದೂ ಟೂರ್ನಮೆಂಟ್‌ಗೆ ಬರುತ್ತವೆ, ಪ್ರತಿ ಸುತ್ತಿಗೂ ಒಂದೇ ಪಂದ್ಯ, ಸೋತರೆ ಹೊರಗೆ. ಮೊದಲ ಐದು ತಂಡಗಳಿಗೆ ಬೈ, ಅಂದರೆ ಆರಂಭಿಕ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್. ಆರಂಭಿಕ ಸುತ್ತಿನಲ್ಲಿ 6–11, 7–10, 8–9 ಆಡುತ್ತವೆ. ಗೆದ್ದ ಮೂರು ತಂಡಗಳು ಆ ಐದರ ಜೊತೆ ಸೇರಿದಾಗ ಮೊದಲ ಮರುಜೋಡಣೆ. 11ನೆಯವರು 6ನೆಯವರನ್ನು ಸೋಲಿಸಿದರೆ 3ನೆಯವರ ಮೇಲೆ ಹೋಗುವುದಿಲ್ಲ, ನೇರ 1ನೆಯವರ ಮೇಲೆ. ಈ ಸುತ್ತಿನಲ್ಲಿ ಏನೇ ಆದರೂ ಬದಲಾಗದ ಜೋಡಿ ಒಂದೇ: 4 ಮತ್ತು 5. ಕ್ವಾರ್ಟರ್‌ಫೈನಲ್ ಮೇಲಿನ ಶ್ರೇಯಾಂಕದವರ ಅಂಗಳದಲ್ಲೇ ನಡೆಯುವುದರಿಂದ ನಿಮ್ಮ ತಂಡ ನಾಲ್ಕರಲ್ಲೇ ಉಳಿದರೆ ಆ ಪಂದ್ಯ ನಿಮ್ಮ ಕ್ಯಾಂಪಸ್‌ನಲ್ಲಿ, ಎದುರಾಳಿ ಐದನೆಯವರು. ಇಷ್ಟು ಗ್ಯಾರಂಟಿ.

ಸೆಮಿಫೈನಲ್‌ನಲ್ಲಿ ನೀವು 1ನೆಯವರನ್ನು ಎದುರಿಸುವುದು ಒಂದೇ ಸಂದರ್ಭದಲ್ಲಿ: ಒಂದರಿಂದ ನಾಲ್ಕರವರೆಗೆ ಎಲ್ಲರೂ ಗೆದ್ದರೆ. 2ನೆಯವರು 8ನೆಯವರಿಗೆ ಸೋತರು ಅನ್ನಿ, ಉಳಿಯುವುದು 1, 3, 4, 8. ಒಂದಕ್ಕೆ ಎಂಟು, ಮೂರಕ್ಕೆ ನಾಲ್ಕು. 1ನೆಯವರೇ 10ನೆಯವರಿಗೆ ಸೋತರೆ ಉಳಿಯುವುದು 2, 3, 4, 10. ಎರಡಕ್ಕೆ ಹತ್ತು, ಆಗಲೂ ಮೂರಕ್ಕೆ ನಾಲ್ಕು. 2025ರಲ್ಲಿ ನಡೆದದ್ದು ಇದೇ ತರಹ. ಲೀಗ್ ಗೆದ್ದಿದ್ದ ಬಾಸ್ಟನ್ ಕಾಲೇಜ್ ತನ್ನದೇ ಅಂಗಳದಲ್ಲಿ ನಾರ್ತ್‌ಈಸ್ಟರ್ನ್‌ಗೆ ಸೋತಿತು. ಸ್ಥಿರ ಡ್ರಾ ಆಗಿದ್ದರೆ ನಾರ್ತ್‌ಈಸ್ಟರ್ನ್ ಮುಂದೆ ಯುಕಾನ್‌ನ ಎದುರಿಗೆ ಬರಬೇಕಿತ್ತು. ಬಂದದ್ದು 2ನೆಯ ಮೇನ್ ಎದುರಿಗೆ, 4ನೆಯ ಯುಕಾನ್ ಆಡಿದ್ದು 3ನೆಯ ಬಾಸ್ಟನ್ ಯೂನಿವರ್ಸಿಟಿ ಜೊತೆ.

ಎದುರಾಳಿ ಬದಲಾದರೆ ಏನಾಯಿತು ಅನ್ನಬೇಡಿ, ಹೊತ್ತೂ ಬದಲಾಗುತ್ತದೆ. ಎರಡು ಸೆಮಿಫೈನಲ್‌ಗಳೂ ಒಂದೇ ದಿನ, ಒಂದು ಮಧ್ಯಾಹ್ನ ನಾಲ್ಕರ ಆಸುಪಾಸು, ಇನ್ನೊಂದು ರಾತ್ರಿ ಏಳೂವರೆ ಸುಮಾರಿಗೆ. ಯಾರು ಯಾವುದಕ್ಕೆ ಎಂದು ಗೊತ್ತಾಗುವುದು ಕ್ವಾರ್ಟರ್‌ಫೈನಲ್ ಮುಗಿದ ಮೇಲೆ. ಕಾಗದದ ಡ್ರಾ ನಂಬಿ ಸಂಜೆ ಬಸ್ಸು ಹಿಡಿದವರು ಗಾರ್ಡನ್ ಒಳಗೆ ಕಾಲಿಡುವಾಗ ಅವರ ತಂಡದ ಪಂದ್ಯದ ಮೂರು ಪೀರಿಯಡ್‌ಗಳಲ್ಲಿ ಎರಡು ಮುಗಿದಿರುತ್ತದೆ. ನನಗೂ ಹಾಗೇ ಆಗಿತ್ತು. ವಾರದ ದಿನವೂ ಪ್ರತಿ ವರ್ಷ ಒಂದೇ ಅಲ್ಲ. 2024ರಲ್ಲಿ ಸೆಮಿ ಶುಕ್ರವಾರ, ಫೈನಲ್ ಶನಿವಾರ. 2025ರಲ್ಲಿ ಗುರುವಾರ, ಶುಕ್ರವಾರ. ಹೋದ ವರ್ಷದ ನೆನಪಿನ ಮೇಲೆ ಹೋಟೆಲ್ ಬುಕ್ ಮಾಡಬೇಡಿ.

ಟಿಕೆಟ್ ವಿಷಯಕ್ಕೆ ಬಂದರೆ, ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಸಲ ನೋಡುವವರು ಗಾರ್ಡನ್ನಿಗಾಗಿ ಕಾಯಬಾರದು. ಕ್ವಾರ್ಟರ್‌ಫೈನಲ್‌ಗೆ ಹೋಗಿ. ಗಾರ್ಡನ್‌ನಲ್ಲಿ 17 ಸಾವಿರಕ್ಕೂ ಹೆಚ್ಚು ಆಸನ, ಕ್ಯಾಂಪಸ್ ರಿಂಕ್‌ಗಳು ಅದರ ಅರ್ಧವೂ ಇಲ್ಲ. ಸ್ಟೋರ್ಸ್ ಎಂಬ ಊರಿನಲ್ಲಿ 2023ರಲ್ಲಿ ತೆರೆದ ಯುಕಾನ್ ರಿಂಕ್‌ನಲ್ಲಿ ಹಿಡಿಯುವುದು ಎರಡೂವರೆ ಸಾವಿರ ಚಿಲ್ಲರೆ ಜನ. ಅಲ್ಲಿ ಸ್ಕೇಟ್ ಅಲಗು ಐಸ್ ಕೆರೆಯುವ ಸದ್ದು, ಡಿಫೆನ್ಸ್‌ನವರಿಗೆ ಗೋಲ್‌ಕೀಪರ್ ಕೂಗಿ ಹೇಳುವ ಮಾತು ಎರಡೂ ಕಿವಿಗೆ ಬೀಳುತ್ತವೆ. ಆಟ ಅರ್ಥವಾಗುವುದು ಅಲ್ಲಿ. ವಿದ್ಯಾರ್ಥಿ ಟಿಕೆಟ್ ಬಿಟ್ಟ ದಿನವೇ ತೆಗೆದುಬಿಡಿ, ಸಣ್ಣ ರಿಂಕ್ ಬೇಗ ತುಂಬುತ್ತದೆ. ಒಳಗೆ ಚಳಿ ಇರುತ್ತದೆ, ಜಾಕೆಟ್ ಬಿಚ್ಚಿಟ್ಟು ಹೋಗಬೇಡಿ. ಗೆದ್ದರೆ ಆ ರಾತ್ರಿಯೇ ಗಾರ್ಡನ್ ಟಿಕೆಟ್ ನೋಡಿ. ಸೆಮಿಫೈನಲ್ ದಿನ ಒಂದೇ ಟಿಕೆಟ್‌ನಲ್ಲಿ ಎರಡೂ ಪಂದ್ಯ. ಫೈನಲ್ ಟಿಕೆಟ್ ಮಾತ್ರ ಸೆಮಿ ಗೆಲ್ಲುವವರೆಗೆ ಮುಟ್ಟಬೇಡಿ.

ಸೋತರೆ ಸೀಸನ್ ಮುಗಿಯಿತಾ? ನಾಲ್ಕನೇ ಸ್ಥಾನದ ತಂಡಕ್ಕೆ ಮುಗಿಯಲೇಬೇಕು ಅಂತೇನಿಲ್ಲ. ರಾಷ್ಟ್ರೀಯ ಟೂರ್ನಮೆಂಟ್‌ಗೆ ಹೋಗುವುದು 16 ತಂಡ. ಹಾಕಿ ಈಸ್ಟ್ ಸೇರಿ ಆರು ಕಾನ್ಫರೆನ್ಸ್‌ಗಳ (ಕಾಲೇಜು ಲೀಗ್‌ಗಳ) ಚಾಂಪಿಯನ್ನರಿಗೆ ನೇರ ಪ್ರವೇಶ, ಉಳಿದ ಹತ್ತು ಸ್ಥಾನ ಇಡೀ ಸೀಸನ್‌ನ ಫಲಿತಾಂಶ ಮತ್ತು ಎದುರಾಳಿಗಳ ಬಲದ ಮೇಲೆ ಲೆಕ್ಕ ಹಾಕುವ ರ‍್ಯಾಂಕಿಂಗ್‌ನಿಂದ. ಮತ್ತೆ 2025ನ್ನೇ ನೋಡಿ. ಕ್ವಾರ್ಟರ್‌ಫೈನಲ್‌ನಲ್ಲೇ ಸೋತ ಬಾಸ್ಟನ್ ಕಾಲೇಜ್ ರಾಷ್ಟ್ರೀಯ ಟೂರ್ನಮೆಂಟ್‌ಗೆ ಮೊದಲ ಶ್ರೇಯಾಂಕದ ತಂಡವಾಗಿ ಹೋಯಿತು. ಸೆಮಿಯಲ್ಲಿ ಸೋತ ಬಾಸ್ಟನ್ ಯೂನಿವರ್ಸಿಟಿ ರಾಷ್ಟ್ರೀಯ ಫೈನಲ್‌ವರೆಗೂ ಹೋಗಿ ವೆಸ್ಟರ್ನ್ ಮಿಶಿಗನ್‌ಗೆ ಸೋತಿತು. ಫೈನಲ್‌ನಲ್ಲಿ ಯುಕಾನ್‌ನ ಮಣಿಸಿ ಹಾಕಿ ಈಸ್ಟ್‌ನ ಲ್ಯಾಮೊರಿಯೆಲ್ಲೊ ಟ್ರೋಫಿ ಎತ್ತಿದ ಮೇನ್ ಮಾತ್ರ ರಾಷ್ಟ್ರೀಯ ಟೂರ್ನಮೆಂಟ್‌ನ ಮೊದಲ ಪಂದ್ಯದಲ್ಲೇ ಪೆನ್ ಸ್ಟೇಟ್ ಎದುರು ಮನೆಗೆ ಹೋಯಿತು. ನಾರ್ತ್‌ಈಸ್ಟರ್ನ್‌ನಂಥ ಕೆಳಗಿನ ತಂಡದ ಪಾಡು ಬೇರೆ. ಅವರಿಗೆ ಆ ಟ್ರೋಫಿ ಬಿಟ್ಟರೆ ಬೇರೆ ದಾರಿ ಇಲ್ಲ, ಹಾಗಾಗಿಯೇ ಮಾರ್ಚ್‌ನಲ್ಲಿ ಅವರನ್ನು ಎದುರಿಸುವುದು ಕಷ್ಟ. ಸೆಮಿಯಲ್ಲಿ ಮೇನ್‌ಗೆ ಅವರನ್ನು ಸೋಲಿಸಲು ಎರಡನೇ ಓವರ್‌ಟೈಮ್ ಬೇಕಾಯಿತು.

ಓವರ್‌ಟೈಮ್ ಅಂದಾಗ ಒಂದು ಎಚ್ಚರಿಕೆ. ಲೀಗ್ ಪಂದ್ಯಗಳಲ್ಲಿ ಸಮಬಲವಾದರೆ ಮೂವರ ಎದುರು ಮೂವರು ಐದು ನಿಮಿಷ ಆಡಿ, ಆಮೇಲೆ ಶೂಟೌಟ್. ಟೂರ್ನಮೆಂಟ್‌ನಲ್ಲಿ ಶೂಟೌಟ್ ಇಲ್ಲವೇ ಇಲ್ಲ. ಐವರ ಎದುರು ಐವರು, 20 ನಿಮಿಷದ ಪೂರ್ತಿ ಪೀರಿಯಡ್, ಗೋಲು ಬೀಳುವವರೆಗೆ ಒಂದರ ಮೇಲೊಂದು. 2015ರ ಮಾರ್ಚ್ 6ರಂದು ಇದೇ ಟೂರ್ನಮೆಂಟ್‌ನ ಮೊದಲ ಸುತ್ತಿನಲ್ಲಿ, ಆಗ ಲೀಗ್‌ನಲ್ಲಿದ್ದ ನೊಟ್ರ ಡೇಮ್ ಎದುರು ಯುಮಾಸ್ ಗೆದ್ದದ್ದು ಐದನೇ ಓವರ್‌ಟೈಮ್‌ನಲ್ಲಿ, 4–3. ಆಟ ನಡೆದದ್ದು 151 ನಿಮಿಷ 42 ಸೆಕೆಂಡ್. ಮಾಮೂಲಿ ಪಂದ್ಯ ವಿರಾಮ ಸೇರಿ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ, ಆದರೂ ರಾತ್ರಿಯ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡೇ ಹೋಗಿ. ಗಾರ್ಡನ್ ಇರುವುದು ನಾರ್ತ್ ಸ್ಟೇಷನ್ ಮೇಲೆಯೇ, ಗ್ರೀನ್ ಮತ್ತು ಆರೆಂಜ್ ಲೈನ್ ಎರಡೂ ಬರುತ್ತವೆ. ಕಾರು ತರಬೇಡಿ. ಬ್ಯಾಕ್‌ಪ್ಯಾಕ್ ಒಳಗೆ ಬಿಡುವುದಿಲ್ಲ.

ಆಸನ ಆರಿಸುವಾಗ ರಿಂಕ್ ಸುತ್ತಲಿನ ಗಾಜಿನ ಪಕ್ಕದ್ದು ಬೇಡ. ದುಡ್ಡೂ ಜಾಸ್ತಿ, ದೂರದ ಮೂಲೆಯಲ್ಲಿ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಕಾಣುವುದೂ ಇಲ್ಲ. ಐಸ್ ಮೇಲೆ ಎರಡೂ ತುದಿಗಳ ಕಡೆ ಅಡ್ಡಲಾಗಿ ಎಳೆದ ನೀಲಿ ಗೆರೆಯ ನೇರಕ್ಕೆ, ಹತ್ತು ಹದಿನೈದು ಸಾಲು ಮೇಲೆ ಕೂತರೆ ಐದೂ ಜನರ ಚಲನೆ ಒಟ್ಟಿಗೆ ಕಾಣುತ್ತದೆ. ಎರಡು ನೀಲಿ ಗೆರೆಗಳಲ್ಲಿ ಯಾವುದು ಎಂದರೆ, ನಿಮ್ಮ ತಂಡ ಎರಡನೇ ಪೀರಿಯಡ್‌ನಲ್ಲಿ ದಾಳಿ ಮಾಡುವ ತುದಿಯದ್ದು. ಪ್ರತಿ ಪೀರಿಯಡ್‌ಗೂ ತುದಿ ಬದಲಾಗುತ್ತದೆ, ಬೆಂಚು ಮಾತ್ರ ಇದ್ದಲ್ಲೇ ಇರುತ್ತದೆ. ಎರಡನೇ ಪೀರಿಯಡ್‌ನಲ್ಲಿ ಪ್ರತಿ ತಂಡವೂ ಕಾಯಬೇಕಾದ ಗೋಲು ಅದರ ಬೆಂಚಿನಿಂದ ದೂರದ ತುದಿಗೆ ಹೋಗುತ್ತದೆ. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗಬೇಕು. ತಮ್ಮ ತುದಿಯಲ್ಲಿ ಸಿಕ್ಕಿಬಿದ್ದ ಡಿಫೆನ್ಸ್ ಜೋಡಿಗೆ ಬೆಂಚು ಮುಟ್ಟಲು ಆಗುವುದಿಲ್ಲ, ಕಾಲು ಸೋಲುತ್ತದೆ, ಸ್ಟಿಕ್ ಮೊಣಕಾಲ ಮೇಲೆ ಬರುತ್ತದೆ. ಗೋಲು ಬೀಳುವುದು ಆಗ. ಮೊದಲ ಓವರ್‌ಟೈಮ್‌ನಲ್ಲೂ ತುದಿಗಳು ಹಾಗೇ ಇರುತ್ತವೆ, ಆದ್ದರಿಂದ ಪಂದ್ಯ ಸಮಬಲವಾದರೆ ನಿಮ್ಮ ಆಸನ ಸರಿಯಾದ ಕಡೆಗೇ ಇರುತ್ತದೆ.